ಮನೆಯೊಳಗಿನ ಸಾಹಸಿ ಮತ್ತು ‘ಮಹಾಪಲಾಯನ’

ಮನೆಯಿಂದ ಕದಲದೆ, ಓದಿನ ಮೂಲಕವೇ ಮರುಭೂಮಿಗಳನ್ನೂ ಹಿಮಪರ್ವತಗಳನ್ನೂ ದಾಟುವ ಓದುಗವರ್ಗವೊಂದು ಕನ್ನಡದಲ್ಲಿ ಬೆಳೆದುದರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳ ಪಾಲು ದೊಡ್ಡದು. ಅವುಗಳಲ್ಲಿ ‘ಮಹಾಪಲಾಯನ’ವು ಇಂಥ ಓದಿನ ಶಕ್ತಿಯನ್ನೂ ಅದರ ಅಪಾಯವನ್ನೂ ಒಟ್ಟಿಗೆ ಕಾಣಿಸುವ ಕೃತಿ. ಇದರ ಮೂಲವಾದ, ಪೋಲೆಂಡಿನ ಸೈನ್ಯಾಧಿಕಾರಿ ಸ್ಲಾವೊಮಿರ್ ರಾವಿಚ್‌ನ ‘ದಿ ಲಾಂಗ್ ವಾಕ್’ 1956ರಲ್ಲಿ ಪ್ರಕಟವಾಯಿತು. 1941ರಲ್ಲಿ ಸೈಬೀರಿಯದ ಸೆರೆಶಿಬಿರದಿಂದ ತಪ್ಪಿಸಿಕೊಂಡ ಏಳು ಮಂದಿ ಮಂಗೋಲಿಯ, ಗೋಬಿ, ಟಿಬೆಟ್, ಹಿಮಾಲಯಗಳನ್ನು ಹಾದು, ಸುಮಾರು 6,500 ಕಿಲೋಮೀಟರ್ ನಡೆದು, ಕೊನೆಗೆ ನಾಲ್ವರಾಗಿ ಭಾರತವನ್ನು ಮುಟ್ಟಿದರೆಂಬುದು ಅದರ ಕಥನ.

ಕೃತಿಯ ನಿಜವಾದ ಬಲವಿರುವುದು ಈ ದೂರದಲ್ಲಲ್ಲ, ದೇಹದ ಸಂಕಟವನ್ನು ಅದು ಹಿಡಿದಿಡುವ ಬಗೆಯಲ್ಲಿ. ಗೋಬಿಯಲ್ಲಿ ನೀರಿಲ್ಲದೆ ನಡೆಯುವ, ಹಾವನ್ನು ಸುಟ್ಟು ತಿನ್ನುವ, ದಾರಿಯಲ್ಲಿ ಜೊತೆಯಾದ ಕ್ರಿಸ್ಟೀನಾ ಎಂಬ ಹುಡುಗಿಯನ್ನು ಮರಳಿನಲ್ಲಿ ಹೂಳುವ ಭಾಗಗಳು, ಮಳೆಗಾಲದ ಮಲೆನಾಡಿನಲ್ಲಿ ಕುಳಿತವನ ಗಂಟಲನ್ನೂ ಒಣಗಿಸುತ್ತವೆ. ಒಬ್ಬನ ಅನುಭವವು ಅವನ ವೈಯಕ್ತಿಕತೆಯನ್ನು ಕಳಚಿಕೊಂಡು ಎಲ್ಲ ಸಹೃದಯರದೂ ಆಗುವುದನ್ನು ಕಾವ್ಯಮೀಮಾಂಸೆ ಸಾಧಾರಣೀಕರಣವೆಂದು ಕರೆಯುತ್ತದೆ. ಇಲ್ಲಿ ನಡೆಯುವುದು ಅದೇ. ಹಿಮಮಾನವರನ್ನು ಕಂಡೆವೆನ್ನುವ ಪ್ರಸಂಗದಲ್ಲಿ ಮಾತ್ರ ಓದುಗನು ಸಹಯಾತ್ರಿಯಾಗಿ ಉಳಿಯದೆ ಬರಿಯ ನೋಡುಗನಾಗುತ್ತಾನೆ.

ಆದರೆ ರಾವಿಚ್ ಹೀಗೆ ತಪ್ಪಿಸಿಕೊಳ್ಳದೆ, 1942ರಲ್ಲಿ ಸೋವಿಯತ್ ಸರ್ಕಾರದ ಸಾಮೂಹಿಕ ಕ್ಷಮಾದಾನದಡಿ ಬಿಡುಗಡೆಗೊಂಡು ಇರಾನಿಗೆ ಸಾಗಿದನೆಂಬುದಕ್ಕೆ ಇರುವ ದಾಖಲೆಗಳನ್ನು 2006ರಲ್ಲಿ ಬಿಬಿಸಿ ಬೆಳಕಿಗೆ ತಂದಿತು. ಆತನ ಸ್ವಂತ ಕೈಬರಹವೂ ಅವುಗಳಲ್ಲಿ ಸೇರಿತ್ತು. ರಸಾನುಭವಕ್ಕೆ ವಾಸ್ತವದ ಹಂಗಿಲ್ಲವೆಂದು ಹೇಳಿ ಇದನ್ನು ಬದಿಗೊತ್ತಲಾಗದು, ಏಕೆಂದರೆ ಆ ಮಾತು ಕಾವ್ಯಕ್ಕೆ ಸಲ್ಲುತ್ತದೆಯೇ ಹೊರತು, ನಡೆದದ್ದನ್ನೇ ಹೇಳುತ್ತೇನೆಂದು ಓದುಗನಿಗೆ ಮಾತುಕೊಟ್ಟ ಆತ್ಮಕಥನಕ್ಕಲ್ಲ. ದಾರಿಯಲ್ಲಿ ನಡೆಯುವವನಿಗೆ ದಾರಿಯೇ ಸಾಕ್ಷಿ. ಮನೆಯಲ್ಲಿರುವವನಿಗೆ ಲೇಖಕನ ಮಾತಿನ ಹೊರತು ಬೇರೆ ಆಧಾರವಿಲ್ಲದ್ದರಿಂದ ಅವನಿಗಾಗುವ ವಂಚನೆ ಹೆಚ್ಚು ಆಳವಾದದ್ದು. ಹಾಗೆಂದು ಅವನು ತೀರ ನಿರಾಯುಧನೂ ಅಲ್ಲ. ನೀರಿಲ್ಲದೆ ಮರುಭೂಮಿಯಲ್ಲಿ ಮನುಷ್ಯದೇಹ ಎಷ್ಟು ದಿನ ತಾಳೀತೆಂಬ ಪ್ರಶ್ನೆಯನ್ನು ಭೂಪಟವೊಂದನ್ನು ಮುಂದಿಟ್ಟುಕೊಂಡು ಕೇಳುವುದೂ ಈ ಸಾಹಸದ ಭಾಗವೇ, ಮತ್ತು ಓದಿನ ರೋಮಾಂಚನ ಅದರಿಂದ ಕುಂದುವುದಿಲ್ಲ. ಇಂಥ ಕೃತಿಗಳ ಮರುಮುದ್ರಣಗಳು ಈ ಸಂಶಯವನ್ನು ಮುನ್ನುಡಿಯಲ್ಲಿಯೇ ತಿಳಿಸುವುದು ಓದುಗನಿಗೆ ಸಲ್ಲಬೇಕಾದ ಕನಿಷ್ಠ ಗೌರವ.

ವಿಷಾದದ ಸಂಗತಿಯೆಂದರೆ, ದಾಖಲೆಗಳು ಹೇಳುವ ಪಯಣವೂ ಕಡಿಮೆ ದಾರುಣವಾಗಿರಲಿಲ್ಲ. 1942ರಲ್ಲಿ ಲಕ್ಷಕ್ಕೂ ಹೆಚ್ಚು ಪೋಲಿಷರು, ಹಸಿವು ಮತ್ತು ಟೈಫಸ್ ಜ್ವರಗಳ ನಡುವೆ, ಸೋವಿಯತ್ ನೆಲದಿಂದ ಇರಾನನ್ನು ಸೇರಿದರು. ಅವರಲ್ಲಿ ಸಾವಿರಾರು ಹೆಂಗಸರು ಮಕ್ಕಳು ಮುಂದೆ ಭಾರತಕ್ಕೆ ಬಂದು, ಬೆಳಗಾವಿಗೆ ದೂರವಲ್ಲದ ಕೊಲ್ಹಾಪುರದ ವಳಿವಡೆ ಶಿಬಿರದಲ್ಲಿ ವರ್ಷಗಟ್ಟಲೆ ಬದುಕಿದರು. ಸೈಬೀರಿಯದಿಂದ ಭಾರತದವರೆಗಿನ ಆ ದಾರಿಯನ್ನು ‘ಮಹಾಪಲಾಯನ’ದಷ್ಟೇ ತೀವ್ರವಾಗಿ ಹೇಳುವ ಕೃತಿ ಕನ್ನಡದ ಓದುಗನಿಗೆ ದಕ್ಕಬೇಕು.