ಶಕ್ತಿಮೂಲಗಳ ತುಲನೆ: ಮೆಕೇ ಅವರ ಒಂದು ಗ್ರಂಥ

ಕಲ್ಲಿದ್ದಲನ್ನು ಬಿಟ್ಟು ಯಾವುದನ್ನು ಹಿಡಿಯಬೇಕೆಂಬ ಚರ್ಚೆಯಲ್ಲಿ ವಿಶೇಷಣಗಳು ಬೇಕಾದಷ್ಟು ದೊರೆಯುತ್ತವೆ. ಅಂಕಿಗಳು ದೊರೆಯುವುದು ಅಪೂರ್ವ. ಗಾಳಿ ಅಪಾರವೆಂದು ಒಬ್ಬರು, ಬಿಸಿಲು ಅಕ್ಷಯವೆಂದು ಇನ್ನೊಬ್ಬರು, ಅಣುಶಕ್ತಿ ಘೋರವೆಂದು ಮತ್ತೊಬ್ಬರು ಹೇಳಿ ಸಭೆಯಿಂದ ಎದ್ದುಹೋಗುತ್ತಾರೆ. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡೇವಿಡ್ ಮೆಕೇ ಅವರು 2008ರಲ್ಲಿ ಪ್ರಕಟಿಸಿದ ‘ಸಸ್ಟೇನಬಲ್ ಎನರ್ಜಿ – ವಿದೌಟ್ ದಿ ಹಾಟ್ ಏರ್’ ಎಂಬ ಗ್ರಂಥವು ಈ ವಾಚಾಳತೆಯ ಮೇಲಣ ಬೇಸರದಿಂದ ಹುಟ್ಟಿದುದು. ಯಂತ್ರಯುಗಕ್ಕೆ ಮುನ್ನ ವಾಯುಮಂಡಲದ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಇಂಗಾಲಾಮ್ಲವು ಇಂದು 420ನ್ನು ಮೀರಿದೆ. ಭೂಮಿಯ ತಾಪವೇರುವುದಕ್ಕೆ ಇಂಧನದ ಹೊಗೆಯೇ ಕಾರಣವೆಂಬುದನ್ನು ಗ್ರಂಥಕರ್ತರು ಮೊದಲ ಅಧ್ಯಾಯದಲ್ಲೇ ಹೇಳಿ ಮುಗಿಸಿ ಲೆಕ್ಕಕ್ಕೆ ಕುಳಿತುಬಿಡುತ್ತಾರೆ.

ಅವರ ತಕ್ಕಡಿ ಸರಳವಾದುದು. ಒಬ್ಬ ಮನುಷ್ಯನಿಗೆ ಒಂದು ದಿನಕ್ಕೆ ಎಷ್ಟು ಕಿಲೋವಾಟ್-ಗಂಟೆ, ಎಂದರೆ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಎಷ್ಟು ಯೂನಿಟ್? ಬ್ರಿಟನ್ನಿನಲ್ಲಿ ಆಗ ತಲೆಗೆ ದಿನಕ್ಕೆ ಸುಮಾರು 125 ಯೂನಿಟ್ ವೆಚ್ಚವಾಗುತ್ತಿತ್ತು. ಮೋಟಾರಿನ ಎಣ್ಣೆ, ಚಳಿಗೆ ಉರಿಸುವ ಅನಿಲ ಎಲ್ಲವೂ ಇದರಲ್ಲಿ ಸೇರಿವೆ. ದಿನಕ್ಕೆ 50 ಕಿಲೋಮೀಟರು ಕಾರಿನಲ್ಲಿ ಓಡಾಡುವವನಿಗೆ ಅದೊಂದಕ್ಕೇ 40 ಯೂನಿಟ್ ಬೇಕು. ದೇಶದಲ್ಲಿ ಗಾಳಿ ಹೆಚ್ಚಾಗಿ ಬೀಸುವ ಹತ್ತನೆಯ ಒಂದು ಭಾಗವನ್ನೆಲ್ಲ ಗಾಳಿಯಂತ್ರಗಳಿಂದ ತುಂಬಿದರೂ ದೊರೆಯುವುದು ಇಪ್ಪತ್ತೇ. ಮೊಬೈಲಿನ ಚಾರ್ಜರನ್ನು ಗೋಡೆಯಿಂದ ಕಿತ್ತಿಟ್ಟು ಲೋಕವನ್ನುಳಿಸಿದೆವೆಂದು ಹಿಗ್ಗುವವರಿಗೆ ಗ್ರಂಥಕರ್ತರ ಉತ್ತರ ನಗೆ ಬರಿಸುವಂಥದು: ಒಂದು ದಿನ ಹಾಗೆ ಉಳಿಸಿದ ಶಕ್ತಿಯು ಕಾರು ಒಂದು ಸೆಕೆಂಡು ಓಡುವುದಕ್ಕೆ ಸರಿಹೋಗುತ್ತದೆ.

ಎರಡನೆಯ ಅಳತೆ ನೆಲದ್ದು. ವರ್ಷದ ಸರಾಸರಿಯಲ್ಲಿ ಚದರ ಮೀಟರಿಗೆ ಗಾಳಿಯಿಂದ ಸುಮಾರು 2 ವಾಟ್, ಬ್ರಿಟನ್ನಿನ ಮಂಕು ಬಿಸಿಲಿನಿಂದ 5 ವಾಟ್, ಇಂಧನಕ್ಕಾಗಿ ಬೆಳೆದ ಪೈರಿನಿಂದ ಅರ್ಧ ವಾಟ್. ಇಂಧನದ ಬೆಳೆಯ ವಿಷಯದ ಉತ್ಸಾಹವೆಲ್ಲ ಈ ಒಂದು ಸಾಲಿನಲ್ಲಿ ತಣ್ಣಗಾಗುತ್ತದೆ. ಅಣುಶಕ್ತಿಯನ್ನು ಅವರು ಸ್ತುತಿಸುವುದೂ ಇಲ್ಲ, ನಿಂದಿಸುವುದೂ ಇಲ್ಲ. ಕಡೆಗೆ ಐದು ಯೋಜನೆಗಳನ್ನು ಮುಂದಿಟ್ಟು, ಯಾವುದನ್ನಾದರೂ ಆರಿಸಿಕೊಳ್ಳಿ, ಕೂಡಿದರೆ ಮೊತ್ತ ಸರಿಬರಬೇಕು, ಎಂಬುದೊಂದೇ ಕಟ್ಟಳೆಯನ್ನು ವಿಧಿಸುತ್ತಾರೆ. ಪಕ್ಷಪಾತವಿಲ್ಲದ ಈ ನಡೆ ಗ್ರಂಥದ ದೊಡ್ಡ ಗುಣ.

ಕೊರತೆಯೂ ಆ ತಕ್ಕಡಿಯಲ್ಲೇ ಇದೆ. ಪ್ರಕೃತಿಯ ಮಿತಿ ಅಚಲ, ಬೆಲೆ ಚಂಚಲ ಎಂಬ ಎಣಿಕೆಯಿಂದ ಬೆಲೆಯ ವಿಚಾರಕ್ಕೆ ಒಂದೇ ಅಧ್ಯಾಯವನ್ನು ಕೊಟ್ಟಿದ್ದಾರೆ. 2010ರಿಂದೀಚೆಗೆ ಬಿಸಿಲಿನ ವಿದ್ಯುತ್ತಿನ ವೆಚ್ಚ ಶೇ. 90ರಷ್ಟು ಇಳಿದು ಆಯ್ಕೆಯ ಕ್ರಮವೇ ಬದಲಾಯಿತು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲ ವಿದ್ಯುತ್ ಸ್ಥಾವರವು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಇಷ್ಟರಿಂದ ಗ್ರಂಥಕರ್ತರು ಸೋತರೆನ್ನಲಾಗದು. ಆ ದೇಶದ ವಿದ್ಯುತ್ತಿನಲ್ಲಿ ಶೇ. 30ರ ಸುಮಾರು ಗಾಳಿಯದೆಂಬ ಹೆಮ್ಮೆಯ ಮಾತನ್ನು ಅವರ ತಕ್ಕಡಿಗೆ ಹಾಕಿದರೆ, ತಲೆಗೆ ದಿನಕ್ಕೆ ಮೂರು ಯೂನಿಟ್ಟಿಗಿಂತ ಸ್ವಲ್ಪ ಮೇಲೆ ಮುಳ್ಳು ನಿಲ್ಲುತ್ತದೆ.

ನೆಲದ ಅಳತೆಯ ದೋಷ ಇದಕ್ಕಿಂತ ದೊಡ್ಡದು. ಚದರ ಮೀಟರಿಗೆ ಒಡೆಯನೂ ಇಲ್ಲ, ಉಳುವವನೂ ಇಲ್ಲ. ಅದೇ ಲೆಕ್ಕವನ್ನು ತುಮಕೂರು ಜಿಲ್ಲೆಯ ಪಾವಗಡಕ್ಕೆ ಅನ್ವಯಿಸಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿಯ ಸೋಲಾರ್ ಪಾರ್ಕು ಸುಮಾರು 13,000 ಎಕರೆಯಲ್ಲಿ ಹರಡಿದ್ದು, ಅದರ ಸಾಮರ್ಥ್ಯ 2050 ಮೆಗಾವಾಟ್. ರಾತ್ರಿ, ಮೋಡಗಳನ್ನೆಲ್ಲ ಕಳೆದು ಸರಾಸರಿಯು ಐದನೆಯ ಒಂದು ಪಾಲೆಂದಿಟ್ಟುಕೊಂಡರೂ ಚದರ ಮೀಟರಿಗೆ ಸುಮಾರು 8 ವಾಟ್ ಬರುತ್ತದೆ. ಬ್ರಿಟನ್ನಿಗಿಂತ ಎಷ್ಟೋ ಮೇಲು. ಮೆಕೇ ಅವರ ರೀತಿಯಲ್ಲಿ ಲೆಕ್ಕ ಇಲ್ಲಿಗೆ ಮುಗಿಯಿತು. ಆದರೆ ಮಳೆಯನ್ನು ನೆಚ್ಚಲಾಗದ ಆ ಸೀಮೆಯಲ್ಲಿ ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟ ರೈತನಿಗೆ ವರ್ಷವರ್ಷವೂ ಬಾಡಿಗೆ ಬರುತ್ತದೆ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದ ಭೂಮಿಯಿಲ್ಲದವನಿಗೆ ಬಾಡಿಗೆಯೂ ಇಲ್ಲ, ಆ ಕೂಲಿಯೂ ಇಲ್ಲ. ಶರಾವತಿಯ ವಿದ್ಯುತ್ತು ಹೊಗೆಯ ಲೆಕ್ಕದಲ್ಲಿ ಶುದ್ಧವಾದುದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಿಂದ ಎದ್ದುಹೋದ ಕುಟುಂಬಗಳಲ್ಲಿ ಅನೇಕರ ಜಮೀನಿನ ಹಕ್ಕಿನ ವ್ಯಾಜ್ಯ ಮಾತ್ರ ಇನ್ನೂ ತೀರಿಲ್ಲ.

ಜನರ ವಿರೋಧವನ್ನು ಗ್ರಂಥಕರ್ತರು ಕಾಣದವರಲ್ಲ. ಆದರೆ ಅವರ ಪುಟಗಳಲ್ಲಿ ಅದು ಗಾಳಿಯಂತ್ರ ಕಣ್ಣಿಗೆ ಅಂದವಲ್ಲವೆಂದು ಗೊಣಗುವವರ ವಿರೋಧವಾಗಿ ವಿನೋದಕ್ಕೆ ತಿರುಗುತ್ತದೆ. ಅನ್ನ ಹೋದವನ ತಕರಾರಿಗೂ ನೋಟ ಕೆಟ್ಟವನ ತಕರಾರಿಗೂ ಒಂದೇ ತೂಕವಾದರೆ ತುಲನೆ ಪೂರ್ಣವಾಗುವುದಿಲ್ಲ.

ಮೆಕೇ ಅವರು 2016ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡುದರಿಂದ ಅಂಕಿಗಳನ್ನು ತಿದ್ದಿಕೊಳ್ಳುವ ಕೆಲಸ ಓದುಗರಿಗೇ ಉಳಿದಿದೆ. ಗ್ರಂಥವನ್ನು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ಓದಲು ಅವರೇ ಅನುಕೂಲ ಮಾಡಿಟ್ಟಿದ್ದಾರೆ. ಗಣಿತಕ್ಕೆ ಅಂಜುವವರು ಕಡೆಯ ಭಾಗದ ತಾಂತ್ರಿಕ ಅಧ್ಯಾಯಗಳನ್ನು ಬಿಟ್ಟು ಓದಿದರೂ ವಾದದ ಎಳೆ ಕಡಿಯುವುದಿಲ್ಲ.