ವಚನದ ಮುಂದಿನ ಮಾತು

ವಚನವನ್ನು ಓದುವ ಮೊದಲೇ ಅದರ ವಿಷಯದಲ್ಲಿ ನಾವು ತೀರ್ಪು ಕೊಟ್ಟಿರುತ್ತೇವೆ. ಆ ತೀರ್ಪನ್ನು ಕೊಡಿಸುವುದು ವಚನವಲ್ಲ. ಅದರ ಮುಂದೆ ಬೇರೊಬ್ಬರು ಇಟ್ಟ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಶ್ರಾವಣದ ಪ್ರವಚನ ಕೇಳಿದವರಿಗೆ ಇದು ಅಪರಿಚಿತವಲ್ಲ. ಪ್ರಭುದೇವರು ಅಕ್ಕನನ್ನು ಪರೀಕ್ಷಿಸಲೆಂದು ಹೀಗೆ ಕೇಳಿದರು ಎಂದು ಶಾಸ್ತ್ರಿಗಳು ಆರಂಭಿಸಿದರೆ ಸಾಕು, ಮುಂದೆ ಬರುವ ವಚನವೆಲ್ಲ ಉತ್ತರಪತ್ರಿಕೆಯಾಗಿಬಿಡುತ್ತದೆ.

ಹೀಗೆ ಕೇಳುವುದನ್ನು ನಮಗೆ ಕಲಿಸಿದ್ದು ಶೂನ್ಯಸಂಪಾದನೆ. 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದು, ನಡುನಡುವೆ ತನ್ನ ಗದ್ಯವನ್ನು ಸೇರಿಸಿದನು. ಕೃತಿಯಾಗಿ ಅದು ಅಪೂರ್ವವೇ ಸರಿ. ಆದರೆ ಅಕ್ಕಮಹಾದೇವಿ 12ನೆಯ ಶತಮಾನದವಳು. ಆಕೆಯ ಮಾತನ್ನು ಪ್ರಶ್ನೆಯೊಂದರ ಪಕ್ಕದಲ್ಲಿ ಕೂರಿಸಿದವನು ಸುಮಾರು ಮುನ್ನೂರು ವರ್ಷಗಳ ಅನಂತರದ ಸಂಕಲನಕಾರ.

1923ರಲ್ಲಿ ಫ. ಗು. ಹಳಕಟ್ಟಿಯವರು ತಮ್ಮ ಸಂಕಲನವನ್ನು ‘ವಚನಶಾಸ್ತ್ರಸಾರ’ವೆಂದು ಕರೆದರು. ಶಾಸ್ತ್ರವೆಂದೊಡನೆ ಓದುಗನು ತತ್ತ್ವವನ್ನು ಅರಸುತ್ತಾನೆ. ಸಾಹಿತ್ಯವೆಂದರೆ ಅದೇ ಪುಟದಲ್ಲಿ ಉಪಮೆಯನ್ನು ಅರಸುತ್ತಾನೆ. ಹಳಕಟ್ಟಿಯವರ ಋಣ ತೀರುವಂಥದಲ್ಲ. ಅವರಿಟ್ಟ ಹೆಸರು ಮಾತ್ರ ಎರಡು ತಲೆಮಾರಿನ ಓದಿಗೆ ದಾರಿ ಹಾಕಿತು.

ಮನಶ್ಶಾಸ್ತ್ರಜ್ಞರು ಇದನ್ನು ಅಳೆದೂ ನೋಡಿದ್ದಾರೆ. 1981ರಲ್ಲಿ ಟ್ವರ್ಸ್ಕಿ ಮತ್ತು ಕಾಹ್ನೆಮನ್ ಎಂಬವರು, 600 ಜನರಿಗೆ ಮಾರಕವಾಗುವ ರೋಗವೊಂದನ್ನು ಕಲ್ಪಿಸಿ ಎರಡು ಗುಂಪುಗಳ ಮುಂದಿಟ್ಟರು. 200 ಜನರು ಉಳಿಯುವರು ಎಂಬ ಖಚಿತ ಉಪಾಯವನ್ನು ಒಪ್ಪಿದವರು ನೂರಕ್ಕೆ 72. 400 ಜನರು ಸಾಯುವರು ಎಂದಾಗ ಅದನ್ನೇ ಒಪ್ಪಿದವರು ನೂರಕ್ಕೆ 22. ಲೆಕ್ಕ ಒಂದೇ, ನುಡಿ ಬೇರೆ.

ಅವರಿಗಿಂತ ಹತ್ತಿರದ ಸಾಕ್ಷಿ ನಾನೇ. ಅಧ್ಯಾಪಕನಾಗಿದ್ದಾಗ ಒಬ್ಬ ವಿದ್ಯಾರ್ಥಿನಿ, ಈ ವಚನದಲ್ಲಿ ಅಕ್ಕ ಯಾರಿಗೂ ಉತ್ತರ ಹೇಳುತ್ತಿಲ್ಲ, ಚೆನ್ನಮಲ್ಲಿಕಾರ್ಜುನನೊಡನೆ ಮಾತನಾಡುತ್ತಿದ್ದಾಳೆ ಎಂದು ಬರೆದಿದ್ದಳು. ‘ಸಂದರ್ಭ ತಿಳಿದಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಕ ಕಳೆದೆ. ನಮ್ಮ ಸಿಂದಗಿ ತಾಲೂಕಿನವರೇ ಆದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಬಂದ ಸಮಗ್ರ ವಚನ ಸಂಪುಟಗಳನ್ನು ನಿವೃತ್ತಿಯ ಬಳಿಕ ಕೈಗೆತ್ತಿಕೊಂಡೆ. ನಡುವೆ ಗದ್ಯವಿಲ್ಲದ ಅಕ್ಕನನ್ನು ಅಂದೇ ಮೊದಲು ಓದಿದ್ದು. ಪರೀಕ್ಷಕರೇ ಇಲ್ಲ! ಆ ಹುಡುಗಿ ವಚನವನ್ನು ಓದಿದ್ದಳು. ನಾನು ಓದಿದ್ದು ಅದರ ಹಿಂದಿನ ವಾಕ್ಯವನ್ನು.

ಶೂನ್ಯಸಂಪಾದನೆಯನ್ನು ಬದಿಗಿಡಬೇಕೆಂದು ನಾನು ಹೇಳುತ್ತಿಲ್ಲ. ಬರುವ ಶ್ರಾವಣದಲ್ಲಿ ನಮ್ಮ ಶಾಸ್ತ್ರಿಗಳು ಒಂದು ದಿನವಾದರೂ ಅಕ್ಕನ ವಚನವನ್ನು ಮೊದಲು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ಸಂದರ್ಭವನ್ನು ಹೇಳಲಿ.