ಕನ್ಸೋಲಿನ ಸರದಿಯನ್ನು ಟೈಮರ್ ತೀರ್ಮಾನಿಸಬೇಕೆ?

ವರ್ಚುವಲ್ ಮಶೀನಿನ ಸೀರಿಯಲ್ ಕನ್ಸೋಲ್ ನೆನಪಾಗುವುದೇ ಉಳಿದ ದಾರಿಗಳೆಲ್ಲ ಮುಚ್ಚಿದಾಗ. ಎಸ್‌ಎಸ್‌ಎಚ್ ಸಿಗುತ್ತಿಲ್ಲ, ಬೂಟ್ ಎಲ್ಲಿ ನಿಂತಿತೋ ಗೊತ್ತಿಲ್ಲ. ಮಶೀನನ್ನು ಓಡಿಸುವ ಕ್ಯೂಇಎಂಯು ತೆರೆದಿಟ್ಟ ಟಿಸಿಪಿ ಪೋರ್ಟಿಗೆ ಟೆಲ್‌ನೆಟ್ ಮಾಡಿದರೆ ಸಂಪರ್ಕವೇನೋ ಆಗುತ್ತದೆ, ಎಷ್ಟು ಎಂಟರ್ ಒತ್ತಿದರೂ ಪರದೆ ಮಾತ್ರ ಖಾಲಿ. ಆ ಪೋರ್ಟು ಒಂದು ಸಲಕ್ಕೆ ಒಬ್ಬರಿಗೇ ಮೀಸಲು. ಎರಡನೆಯವರು ಕರ್ನಲ್ಲಿನ ಸಾಲಿನಲ್ಲಿ ಕಾಯುತ್ತಾರೆ. ಮೊದಲಿನವರು ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಳಿದುಹೋಗಿದ್ದಾರೆ: ಲ್ಯಾಪ್‌ಟಾಪ್ ಮುಚ್ಚಿದರು, ನಡುವಿನ ಫೈರ್‌ವಾಲ್ ಆ ಸಂಪರ್ಕವನ್ನು ಮರೆತಿತು, ಮುಕ್ತಾಯದ ಪ್ಯಾಕೆಟ್ ಹೋಸ್ಟಿಗೆ ತಲುಪಲೇ ಇಲ್ಲ.

ಇದಕ್ಕೆ ಎಲ್ಲರೂ ಹೇಳುವ ಮದ್ದು ಐಡಲ್ ಟೈಮ್‌ಔಟ್: ಇಷ್ಟು ನಿಮಿಷ ಸದ್ದಿಲ್ಲದಿದ್ದರೆ ಕಡಿದುಹಾಕಿ. ಆದರೆ ಕನ್ಸೋಲ್ ಸುಮ್ಮನಿರುವುದು ಆರೋಗ್ಯದ ಲಕ್ಷಣ. ಕರ್ನಲ್ ಪ್ಯಾನಿಕ್ ಹಿಡಿಯಲೆಂದು ಕೂತವರು ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಟೈಮರ್ ಹೊರದಬ್ಬುವುದು ಅವರನ್ನೇ. ಇತ್ತ ಸದಾ ಲಾಗ್ ಉಗುಳುವ ಯಂತ್ರದ ಸತ್ತ ಸಂಪರ್ಕದಲ್ಲಿ ಬೈಟುಗಳು ಕಳುಹಿಸುವ ಬಫರಿಗೆ ಬೀಳುತ್ತಲೇ ಇರುತ್ತವೆ. ಅದನ್ನು ಚಟುವಟಿಕೆಯೆಂದು ಎಣಿಸಿದರೆ, ಬಫರ್ ತುಂಬುವವರೆಗೆ ಸತ್ತ ಸಂಪರ್ಕವೂ ಜೀವಂತವಾಗಿಯೇ ಕಾಣುತ್ತದೆ.

ಟೈಮ್‌ಔಟ್ ಭದ್ರತೆಗೂ ಬೇಕು ಎಂಬ ವಾದವಿದೆ. ಆದರೆ ಸಂಪರ್ಕ ಕಡಿದರೂ ಒಳಗಿನ ರೂಟ್ ಶೆಲ್ ಸಾಮಾನ್ಯವಾಗಿ ಲಾಗೌಟ್ ಆಗುವುದಿಲ್ಲ. ಮುಂದೆ ಬಂದವರಿಗೆ ಅದು ಪಾಸ್‌ವರ್ಡಿಲ್ಲದೆ ಸಿಗುತ್ತದೆ. ಸುಮ್ಮನಿರುವ ಶೆಲ್ಲನ್ನು ಮುಚ್ಚುವ ಕೆಲಸ ವರ್ಚುವಲ್ ಮಶೀನಿನೊಳಗಿನ ಬ್ಯಾಶ್‌ನ ಟಿಎಂಔಟ್‌ಗೆ ಸೇರಿದ್ದು.

ಇನ್ನೊಂದು ಮದ್ದು ಟಿಸಿಪಿಯ ಕೀಪ್‌ಅಲೈವ್: ಆಚೆಯ ಕಂಪ್ಯೂಟರ್ ಇದೆಯೇ ಎಂದು ಪ್ರೋಬ್ ಕಳುಹಿಸಿ ನೋಡುವುದು. ಪ್ರೋಗ್ರಾಂ ತಾನಾಗಿ ಕೇಳಿಕೊಂಡರೆ ಮಾತ್ರ ಅದು ಆನ್ ಆಗುತ್ತದೆ. ಲಿನಕ್ಸ್ ಡೀಫಾಲ್ಟಿನಲ್ಲಿ 7200 ಸೆಕೆಂಡು ಸುಮ್ಮನಿದ್ದು, ಆಮೇಲೆ 75 ಸೆಕೆಂಡಿಗೊಂದರಂತೆ 9 ಪ್ರೋಬ್ ಕಳುಹಿಸುತ್ತದೆ. ಅಂದರೆ ಎರಡು ಗಂಟೆ ಹನ್ನೊಂದು ನಿಮಿಷ. ಅದನ್ನು ಒಂದು ನಿಮಿಷಕ್ಕೆ ಇಳಿಸಿ, ಖಂಡಿತ ಇಳಿಸಿ. ಆದರೂ ಅದು ಖಚಿತಪಡಿಸುವುದು ಆಚೆಯ ಕಂಪ್ಯೂಟರ್ ಉಸಿರಾಡುತ್ತಿದೆ ಎಂಬುದನ್ನಷ್ಟೆ. ಕನ್ಸೋಲಿನ ಕಿಟಕಿ ತೆರೆದಿಟ್ಟೇ ಮನೆಗೆ ಹೋದ ಸಹೋದ್ಯೋಗಿಯ ಯಂತ್ರ ಪ್ರತಿ ಪ್ರೋಬಿಗೂ ಚಾಚೂ ತಪ್ಪದೆ ಉತ್ತರಿಸುತ್ತದೆ.

ಸಂಪರ್ಕ ಸತ್ತಿದೆಯೋ ಇಲ್ಲವೋ ಎಂಬ ಪತ್ತೇದಾರಿಗಿಂತ ಮುಖ್ಯವಾದ ಪ್ರಶ್ನೆ ಬೇರೆ: ಮೊದಲು ಬಂದ ಸಂಪರ್ಕಕ್ಕೆ ಕನ್ಸೋಲಿನ ಒಡೆತನವನ್ನೇಕೆ ಕೊಡಬೇಕು? ಈಗ ಬಾಗಿಲಲ್ಲಿ ನಿಂತವರಿಗೆ ಅಧಿಕಾರವಿದ್ದರೆ ಅವರೇ ತೀರ್ಮಾನಿಸಲಿ. ಲಿಬ್‌ವರ್ಟ್‌ನ ವರ್ಶ್ ಕನ್ಸೋಲ್ ಆದೇಶಕ್ಕೆ ಹಳೆಯ ಸಂಪರ್ಕವನ್ನು ಕಡಿಯುವ ಫೋರ್ಸ್ ಆಯ್ಕೆ ಇರುವುದು ಇದಕ್ಕೇ. ಇನ್ನೊಬ್ಬರು ಡಿಸ್ಕ್ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸುತ್ತಿರುವಾಗ ಕಸಿದುಕೊಂಡರೆ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಕನ್ಸರ್ವರ್ ಎಂಬ ಹಳೆಯ ತಂತ್ರಾಂಶದಲ್ಲಿ ಉತ್ತರವಿದೆ. ಅಲ್ಲಿ ಸೀರಿಯಲ್ ಲೈನನ್ನು ಹಿಡಿದಿರುವುದು ಸರ್ವರ್ ಪ್ರೋಗ್ರಾಂ. ಬರುವವರೆಲ್ಲ ಅದರ ಗ್ರಾಹಕರು. ಹಲವರು ನೋಡಬಹುದು, ಒಬ್ಬರು ಬರೆಯಬಹುದು. ಬರೆಯುವ ಹಕ್ಕನ್ನು ಬಲವಂತವಾಗಿ ಪಡೆದರೂ ಹಿಂದಿನವರು ಹೊರಬೀಳುವುದಿಲ್ಲ, ನೋಡುಗರಾಗಿ ಉಳಿಯುತ್ತಾರೆ. ಯಾರೂ ಇಲ್ಲದಾಗ ಬಂದ ಸಾಲುಗಳನ್ನೂ ಲಾಗಿಗೆ ಬರೆಸಿಡಬಹುದು.

ಇಂಥ ವ್ಯವಸ್ಥೆಯಲ್ಲಿ ಸತ್ತ ಸಂಪರ್ಕದಿಂದ ಆಗುವ ನಷ್ಟ ಒಂದು ಸಾಕೆಟ್, ಅಷ್ಟೆ. ಅದನ್ನು ಕೀಪ್‌ಅಲೈವ್ ನಿಧಾನವಾಗಿ ತೆಗೆದುಹಾಕಲಿ. ಯಂತ್ರ ಕೆಟ್ಟು ಕೂತ ಹೊತ್ತಿನಲ್ಲಿ ಕೀಬೋರ್ಡ್ ಯಾರಿಗೆ ಎಂಬುದು ಮನುಷ್ಯರು ಹೆಸರು ಹೇಳಿ ತೀರ್ಮಾನಿಸಬೇಕಾದ ವಿಷಯ.